ಇಸವಿಯ ನೆನಪು ಮತ್ತು ಕಾಲದ ಅರಿವು

ಇತಿಹಾಸದ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಕಾಲಪ್ರಜ್ಞೆಯನ್ನು ಅಳೆಯುವ ರೂಢಿಯ ಮಾರ್ಗ, ಘಟನೆಯೊಂದರ ಇಸವಿಯನ್ನು ಕೇಳುವುದು. ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದುದು 1537ರಲ್ಲಿ ಎಂದವನಿಗೆ ಒಂದು ಅಂಕ. ಅಂಕಿ ಹೊರಳಿ 1573 ಎಂದವನಿಗೆ ಸೊನ್ನೆ. ಮೊದಲನೆಯವನು ಅದನ್ನು ಮಗ್ಗಿಯಂತೆ ಉರುಹೊಡೆದಿರಬಹುದು. ಅದು ವಿಜಯನಗರದ ಅರಸರ ಕಾಲವೆಂಬುದು ಎರಡನೆಯವನಿಗೆ ಗೊತ್ತಿರಬಹುದು. ಈ ಭೇದ ಅಂಕಪಟ್ಟಿಗೆ ಕಾಣಿಸದು.

ಮತ್ತಿಕೆರೆಯ ಮಕ್ಕಳಿಗೆ ದೂರದ ನಿದರ್ಶನ ಬೇಕಿಲ್ಲ. ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಗಂಗದೊರೆ ಶ್ರೀಪುರುಷನ ಕಾಲದ್ದು. ವಿದ್ವಾಂಸರು ಅದನ್ನು ಕ್ರಿ.ಶ. ಸುಮಾರು 750ಕ್ಕೆ ಸೇರಿಸುತ್ತಾರೆ. ಕೆಂಪೇಗೌಡರಿಗೆ ಹೆಚ್ಚು ಸಮೀಪದವರು ಯಾರು, ಕಿತ್ತಯ್ಯನೋ ಇಂದಿನ ಮತ್ತಿಕೆರೆಯವರೋ? ಈ ಪ್ರಶ್ನೆಗೆ ಕಂಠಪಾಠ ಉತ್ತರ ಹೇಳದು. ಕಾಲದ ಅಂತರವನ್ನು ಮನಸ್ಸಿನಲ್ಲಿ ಅಳೆಯಲೇಬೇಕು.

ಶರಣರ ಇತಿಹಾಸದಲ್ಲಂತೂ ಈ ಅಳತೆ ಇನ್ನೂ ಅಗತ್ಯ. ಹನ್ನೆರಡನೆಯ ಶತಮಾನವೆಂದರೆ 1200ರ ನಂತರದ ವರ್ಷಗಳೆಂದು ತಿಳಿಯುವ ಮಕ್ಕಳು ಕಡಿಮೆಯೇನಲ್ಲ. ಅದಕ್ಕಿಂತ ಮಿಗಿಲಾದ ತೊಡಕೆಂದರೆ, ಬಸವಣ್ಣನವರ ಬಾಳನ್ನು ಕುರಿತ ಎಲ್ಲ ಗ್ರಂಥಗಳೂ ಅವರ ಕಾಲದವೇ ಎಂಬ ಭಾವನೆ. ಹರಿಹರನ ಬಸವರಾಜದೇವರ ರಗಳೆ ಆ ಕಾಲಕ್ಕೆ ಹತ್ತಿರದ್ದು. ಅನುಭವಮಂಟಪದ ಸಂವಾದಗಳನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸುವ ಶೂನ್ಯಸಂಪಾದನೆಯಾದರೋ ಹದಿನೈದನೆಯ ಶತಮಾನದ ಸಂಕಲನ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ ಅಚ್ಚಾದುದು 1923ರಲ್ಲಿ. ಕಲ್ಯಾಣದ ಕ್ರಾಂತಿಯೊಡನೆ ಈ ಮೂರನ್ನೂ ಅನುಕ್ರಮವಾಗಿ ಜೋಡಿಸಿ, ಶರಣರನ್ನು ಕಂಡಿದ್ದವರ ಮಾತು ಇವುಗಳಲ್ಲಿ ಯಾವ ಗ್ರಂಥಕರ್ತನ ಕಿವಿಗೆ ಬಿದ್ದಿರಬಹುದೆಂದು ಕಾರಣಸಹಿತ ಬರೆಯಹೇಳಬೇಕು. ಅನುಕ್ರಮಕ್ಕೆ, ಅಂತರಕ್ಕೆ, ಕಾರಣಕ್ಕೆ ಬೇರೆ ಬೇರೆ ಅಂಕವಿರಲಿ. ಹತ್ತಿಪ್ಪತ್ತು ವರ್ಷಗಳ ತಪ್ಪಿಗೆ ಉತ್ತರವೆಲ್ಲ ವ್ಯರ್ಥವಾಗದಿರಲಿ.

ಇಂಥ ಪ್ರಶ್ನೆಗಳಿಂದ ಶ್ರದ್ಧೆಗೆ ಕುಂದು ಬರುವುದೆಂದು ಅಂಜುವವರಿದ್ದಾರೆ. ಮೂರು ಶತಮಾನಗಳ ತರುವಾಯವೂ ಜನ ಆ ಮಾತುಗಳನ್ನು ಹುಡುಕಿ, ಪೋಣಿಸಿ, ಕಾಪಾಡಿದರೆಂಬುದು ಗೌರವವನ್ನು ಹೆಚ್ಚಿಸುವ ಸಂಗತಿಯೇ ಹೊರತು ಕುಗ್ಗಿಸುವುದಲ್ಲ. ಮಠದ ಶಾಲೆಯೇ ಇದನ್ನು ಹೇಳಿಕೊಡದಿದ್ದರೆ ಬೇರಾರು ಹೇಳಿಕೊಟ್ಟಾರು?

ಅರವತ್ತು ಮಕ್ಕಳ ತರಗತಿಯಲ್ಲಿ ಇಷ್ಟೆಲ್ಲ ಬರೆಸಿ ತಿದ್ದುವುದು ಕಷ್ಟವೆಂಬ ಉಪಾಧ್ಯಾಯರ ಆಕ್ಷೇಪ ಮಾತ್ರ ನ್ಯಾಯವಾದುದು. ಅದಕ್ಕೆ ಒಂದು ಹಗ್ಗ ಸಾಕು. ಶತಮಾನಕ್ಕೊಂದು ಗೇಣಿನಂತೆ ಗಂಟು ಹಾಕಿ ಗೋಡೆಯುದ್ದಕ್ಕೂ ಕಟ್ಟಿ, ಮಕ್ಕಳಿಂದಲೇ ಹೆಸರಿನ ಚೀಟಿಗಳನ್ನು ಸಿಕ್ಕಿಸಿ ಕಾರಣ ಕೇಳಬಹುದು. ಕಿತ್ತಯ್ಯನಿಂದ ಕೆಂಪೇಗೌಡರವರೆಗೆ ಸುಮಾರು ಎಂಟು ಗೇಣು. ಅಲ್ಲಿಂದ ಇಂದಿಗೆ ಐದು ಗೇಣೂ ತುಂಬುವುದಿಲ್ಲ.