ಬೆಳಗುವ ಕಣಕ್ಕೂ ಒರೆಗಲ್ಲು

ದೇಹದ ಹಿತಕ್ಕಾಗಿ ಜೀವಕೋಶಗಳು ತಾವಾಗಿಯೇ ಕ್ರಮಬದ್ಧವಾಗಿ ಅಳಿಯುವುದುಂಟು. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ಇದನ್ನು ‘ಅಪೊಪ್ಟೋಸಿಸ್’ ಎಂದು ಕರೆದರು. ಅಳಿವಿಗೆ ಹೊರಟ ಕೋಶವು ಪೊರೆಯ ಒಳಪದರದ ಫಾಸ್ಫಟೈಡಿಲ್‌ಸೆರಿನ್ ಎಂಬ ಮೇದಸ್ಸನ್ನು ಹೊರಮೈಗೆ ತರುತ್ತದೆ. ಅದಕ್ಕೆ ಅಂಟುವ ಅನೆಕ್ಸಿನ್-5 ಪ್ರೋಟೀನನ್ನು ಹೊಳೆಯುವ ನ್ಯಾನೋಕಣಗಳಿಗೆ ಜೋಡಿಸಿದರೆ, ಸಾಯುವ ಕೋಶಗಳು ಸೂಕ್ಷ್ಮದರ್ಶಕದಲ್ಲಿ ಬೆಳಗುತ್ತವೆ. ಅರ್ಬುದದ ಔಷಧಿ ಫಲಿಸುತ್ತಿದೆಯೇ ಎಂಬುದನ್ನು, ಗಡ್ಡೆ ಕುಗ್ಗುವವರೆಗೆ ಕಾಯದೆ ಅರಿಯುವ ಆಸೆ ಇದರ ಹಿಂದಿದೆ. ಆಸೆ ಯೋಗ್ಯವಾದುದೇ.

ಆದರೆ ಇಂತಹ ಹಲವು ಕಣಗಳ ತಿರುಳಿನಲ್ಲಿರುವ ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ವಿಷ. ಶೋಧನ, ಮಾರಣಗಳಿಲ್ಲದ ಲೋಹವನ್ನು ರಸಶಾಸ್ತ್ರ ರೋಗಿಗೆ ಕೊಡಗೊಡದು. ಕಣವು ನಿರಪಾಯವೆಂದು ಸಿದ್ಧವಾಗುವವರೆಗೆ ಪ್ರಯೋಗಾಲಯದಲ್ಲೇ ಇರಲಿ. ನಮ್ಮ ಭಸ್ಮಗಳನ್ನೂ ಇದೇ ಒರೆಗಲ್ಲಿಗೆ ಹಚ್ಚೋಣ. ಪರೀಕ್ಷೆಯಲ್ಲಿ ಪಕ್ಷಪಾತ ಸಲ್ಲದು.