ಹಠ ಮಾಡುವುದು ಮರಿಯಲ್ಲ

ಬೇಸಿಗೆ ರಜೆಯಲ್ಲಿ ಮಕ್ಕಳ ಕಾಟ ತಾಳದೆ ಬೆಕ್ಕಿನ ಮರಿ ತರುವ ಮನೆಗಳು ನಮ್ಮ ಮೈಸೂರಿನಲ್ಲಿ ಬೇಕಾದಷ್ಟಿವೆ. ಶಾಲೆ ಶುರುವಾಗಿ ಮಳೆ ಹಿಡಿಯುವ ಹೊತ್ತಿಗೆ ಅವುಗಳಲ್ಲಿ ಕೆಲವು ಮೀನು ಮಾರ್ಕೆಟ್ಟಿನ ಹಿಂದೆಯೋ, ಯಾವುದೋ ಬಡಾವಣೆಯ ಖಾಲಿ ಸೈಟಿನಲ್ಲೋ ಗೋಣಿಚೀಲದಿಂದ ಹೊರಬೀಳುತ್ತವೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: ‘ಎಷ್ಟು ಹೇಳಿಕೊಟ್ಟರೂ ಟ್ರೇನಲ್ಲಿ ಮಾಡೋದಿಲ್ಲ, ಮನೆಯೆಲ್ಲ ಗಲೀಜು, ಬಹಳ ಹಠ.’

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಹಠಮಾರಿ ಎನಿಸಿಕೊಂಡ ಮರಿಗಳು ನನ್ನ ಮನೆಗೆ ಬರುತ್ತಲೇ ಇರುತ್ತವೆ. ಅವುಗಳನ್ನು ನೋಡಿ ನನಗೆ ಗಟ್ಟಿಯಾದ ಅಭಿಪ್ರಾಯ ಇಷ್ಟೆ: ಮಲಮೂತ್ರದ ವಿಷಯದಲ್ಲಿ ಬೆಕ್ಕಿನ ಮರಿಗೆ ನಾವು ಕಲಿಸಬೇಕಾದದ್ದು ಬಹಳ ಕಡಿಮೆ, ಒದಗಿಸಬೇಕಾದದ್ದೇ ಹೆಚ್ಚು. ಸರಿಯಾದ ಜಾಗ ಕೊಡದೆ ಹಠದ ಆರೋಪ ಹೊರಿಸಿ ಬೀದಿಗೆ ಬಿಡುವುದು ಅನ್ಯಾಯ.

ಹುಟ್ಟಿದ ಮೊದಲ ಮೂರು ವಾರ ಮರಿ ತಾನಾಗಿ ಮೂತ್ರ ಮಾಡಲಾರದು. ತಾಯಿ ಅದರ ಹಿಂಭಾಗವನ್ನು ನೆಕ್ಕಿ ಮಾಡಿಸುತ್ತದೆ, ನೆಕ್ಕಿಯೇ ಶುಚಿಮಾಡುತ್ತದೆ. ಅದಾಗಿ ಕೆಲವೇ ದಿನಗಳಲ್ಲಿ ಮರಿ ಸಡಿಲ ಮಣ್ಣು ಕಂಡಲ್ಲಿ ಮುಂಗಾಲಿನಿಂದ ಕೆರೆಯತೊಡಗುತ್ತದೆ. ಇದು ಹುಟ್ಟುಗುಣ. ಇಂದಿನ ಸಾಕುಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾ ಕಡೆಯ ಕಾಡುಬೆಕ್ಕು ಎಂಬುದನ್ನು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿಕೊಟ್ಟಿತು. ನೀರು ಅಪರೂಪವಾದ ಒಣಸೀಮೆಯ ಪ್ರಾಣಿ ಅದು. ಮೈಯೊಳಗಿನ ನೀರನ್ನು ಆದಷ್ಟು ಉಳಿಸಿಕೊಳ್ಳುವುದರಿಂದ ಬೆಕ್ಕಿನ ಮೂತ್ರ ಗಾಢ, ವಾಸನೆಯೂ ಜೋರು. ಅಗೆದು, ಮಾಡಿ, ಮುಚ್ಚಿ ಹೋಗುವ ಅಭ್ಯಾಸ ಆ ಒಣನೆಲದಲ್ಲಿ ಬಾಳಿದ ಪೂರ್ವಜರಿಂದ ಬಂದದ್ದು.

ಹಿತ್ತಿಲಿದ್ದ ಕಾಲದಲ್ಲಿ ಹಠದ ಈ ಮಾತು ಬರುತ್ತಲೇ ಇರಲಿಲ್ಲ. ಹಂಡೆ ಒಲೆಯ ಬೂದಿಗುಪ್ಪೆ, ತೆಂಗಿನ ಬುಡದ ಪಾತಿ, ತಿಪ್ಪೆಯ ಅಂಚು, ಎಲ್ಲಾದರೂ ಒಂದು ಕಡೆ ಬೆಕ್ಕು ತನ್ನ ಕೆಲಸ ಮುಗಿಸಿ ಬರುತ್ತಿತ್ತು. ಇವತ್ತಿಗೂ ಮನೆ ಕಟ್ಟಿಸುವವರು ಬೀದಿಯಲ್ಲಿ ಮರಳು ಸುರಿಸಿದ ರಾತ್ರಿಯೇ ಓಣಿಯ ಬೆಕ್ಕುಗಳಿಗೆಲ್ಲ ಅದು ಗೊತ್ತಾಗಿರುತ್ತದೆ. ಬೆಳಗ್ಗೆ ಜರಡಿ ಹಿಡಿಯುವ ಗಾರೆ ಕೆಲಸದವರನ್ನು ಕೇಳಿ ನೋಡಿ. ಆ ಬೆಕ್ಕುಗಳಿಗೆ ಯಾರೂ ತರಬೇತಿ ಕೊಟ್ಟಿಲ್ಲ.

ಈಗ ನಾವು ಮೂರನೇ ಮಹಡಿಗೆ ಹತ್ತಿದ್ದೇವೆ. ಕಾಲಿಟ್ಟಲ್ಲೆಲ್ಲ ನುಣುಪು ಟೈಲ್ಸ್. ಅಂಥ ಮನೆಯಲ್ಲಿ ಮರಿಯ ಪಾದಕ್ಕೆ ಮೆತ್ತಗೆ, ಕೆರೆಯಲು ಸಿಗುವಂತೆ ಇರುವುದು ಯಾವುದು? ಬಚ್ಚಲ ಮುಂದಿನ ಕಾಲೊರಸು, ಒಗೆಯಲು ಹಾಕಿದ ಬಟ್ಟೆಯ ರಾಶಿ, ಮಂಚದ ಮೇಲಿನ ರಜಾಯಿ, ಬಾಲ್ಕನಿಯ ತುಳಸಿ ಕುಂಡ. ಮರಿ ಅಲ್ಲಿಗೇ ಹೋಗುತ್ತದೆ. ಇದ್ದುದರಲ್ಲಿ ಮಣ್ಣಿಗೆ ಹತ್ತಿರವಾದದ್ದನ್ನು ಅದು ಆರಿಸಿಕೊಂಡಿದೆ ಅಷ್ಟೆ.

ನಮ್ಮ ಕೆಳಗಿನ ಮಹಡಿಯ ಹುಡುಗಿ ಬ್ಯಾಂಕ್ ಉದ್ಯೋಗಿ. ಕಪ್ಪು ಬಿಳುಪಿನ ಗಂಡು ಮರಿಯೊಂದನ್ನು ಊರಿಂದ ತಂದಿದ್ದಳು. ಒಂದು ಸಂಜೆ ಮರಿಯನ್ನು ಎದೆಗವಚಿಕೊಂಡು ಮೇಲೆ ಬಂದಳು. ‘ಆಂಟಿ, ಇದಕ್ಕೆ ಅಂತಾನೇ ಮುಚ್ಚಳ ಇರೋ ದೊಡ್ಡ ಬಾಕ್ಸು ತಂದೆ, ಲ್ಯಾವೆಂಡರ್ ವಾಸನೆಯ ಲಿಟರ್ ಹಾಕಿದೆ. ಅದರ ಪಕ್ಕದಲ್ಲೇ ನೆಲದ ಮೇಲೆ ಮಾಡುತ್ತೆ. ಅತ್ತೆ ಬಿಟ್ಟು ಬಾ ಅಂತಿದಾರೆ’ ಎಂದಳು. ಕೆಳಗಿಳಿದು ನೋಡಿದೆ. ಬಾಕ್ಸು ವಾಷಿಂಗ್ ಮಷೀನಿಗೆ ಅಂಟಿಕೊಂಡಿತ್ತು. ಅದು ಹಿಂಡುವ ಸುತ್ತಿಗೆ ಬಂದಾಗ ಬಾಕ್ಸಿನೊಳಗಿನ ಲಿಟರ್ ಹರಳು ಕೂಡ ನಡುಗುತ್ತಿತ್ತು. ಬಾಗಿಲು ಮರಿಯ ಎದೆಯಷ್ಟು ಎತ್ತರ. ಒಳಗೆ ಬಗ್ಗಿದರೆ ನನ್ನ ಮೂಗಿಗೇ ಸುಗಂಧ ಅಡರಿತು. ನಮಗಿಂತ ಎಷ್ಟೋ ಪಟ್ಟು ಚುರುಕಾದ ಮೂಗು ಮರಿಯದು. ಅದು ಬಾಕ್ಸಿನ ಪಕ್ಕದಲ್ಲೇ ಮಾಡುತ್ತಿತ್ತು ಎಂದರೆ ಜಾಗ ಯಾವುದೆಂದು ಅದಕ್ಕೆ ಅರ್ಥವಾಗಿತ್ತು. ಒಳಗೆ ಹೋಗಲು ಮಾತ್ರ ಆಗುತ್ತಿರಲಿಲ್ಲ.

ಮುಚ್ಚಳ ತೆಗೆಸಿದೆವು. ಪಾತ್ರೆ ತೊಳೆದಿಡುವ ತಗ್ಗಾದ ಪ್ಲಾಸ್ಟಿಕ್ ಟ್ರೇ ಒಂದನ್ನು ತಂದು, ವಾಸನೆ ಬೆರೆಸದ ಲಿಟರ್ ಎರಡು ಬೆರಳಿನಷ್ಟು ದಪ್ಪಕ್ಕೆ ಹರಡಿ, ಮೇಲೆ ಊರಿನ ಹಿತ್ತಿಲಿಂದ ತರಿಸಿದ ಒಣಮಣ್ಣು ಉದುರಿಸಿದೆವು. ಟ್ರೇಯನ್ನು ಸದ್ದುಗದ್ದಲವಿಲ್ಲದ ಕೋಣೆಯ ಮೂಲೆಯಲ್ಲಿಟ್ಟು, ಊಟದ ತಟ್ಟೆಯನ್ನು ಅದರಿಂದ ದೂರ ಸರಿಸಿ, ಮರಿಯನ್ನು ಆ ಒಂದು ಕೋಣೆಗೆ ಸೀಮಿತ ಮಾಡಿದೆವು. ಉಂಡ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಎತ್ತಿ ಟ್ರೇನಲ್ಲಿ ಬಿಡುವುದು. ಮರಿ ಮೊದಲು ಮಣ್ಣು ಮೂಸಿತು. ಬಲಗಾಲಿನಿಂದ ಒಮ್ಮೆ ಕೆರೆದು ನಿಂತಿತು. ಆಮೇಲೆ ಎರಡೂ ಕಾಲಿನಿಂದ ಅಗೆಯತೊಡಗಿ, ಬಾಲ ಸ್ವಲ್ಪ ಎತ್ತಿ ಕೂತು, ಎದುರಿನ ಗೋಡೆ ನೋಡುತ್ತ ಕೆಲಸ ಮುಗಿಸಿತು. ತಿರುಗಿ ಮೂಸಿ ಮುಚ್ಚಿತು. ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ಮಣ್ಣನ್ನು ದಿನದಿನಕ್ಕೆ ಕಡಿಮೆ ಮಾಡಿ ಬರೀ ಲಿಟರ್‌ಗೆ ತಂದೆವು. ಆ ಮರಿ ಈಗಲೂ ಅದೇ ಮನೆಯಲ್ಲಿದೆ.

ಮರಿಯ ಮೂಗನ್ನು ಅದರ ಮೂತ್ರಕ್ಕೇ ಉಜ್ಜುವುದು, ಪೊರಕೆಯಿಂದ ಹೊಡೆಯುವುದು ನಮ್ಮಲ್ಲಿ ಇನ್ನೂ ಇದೆ. ಇದು ಕ್ರೌರ್ಯ, ಜೊತೆಗೆ ಕೆಲಸಕ್ಕೂ ಬಾರದ್ದು. ಆಗ ಮಾಡಿದ್ದಕ್ಕೆ ಈಗ ಏಟು ಎಂಬ ಲೆಕ್ಕ ಬೆಕ್ಕಿನ ತಲೆಗೆ ಹೋಗುವುದಿಲ್ಲ. ಅದು ಕಲಿಯುವುದು ಒಂದನ್ನೇ: ಈ ಮನುಷ್ಯರ ಎದುರಿಗೆ ಮಾಡಬಾರದು. ಅಲ್ಲಿಂದ ಮುಂದೆ ಸೋಫಾದ ಹಿಂದೆ, ಮಂಚದ ಕೆಳಗೆ ಶುರುವಾಗುತ್ತದೆ. ಆಗ ನಾವು ಇನ್ನೂ ಜೋರಾಗಿ ಹಠ ಎನ್ನುತ್ತೇವೆ.

ಫಿನೈಲ್ ಬಗ್ಗೆ ಎಲ್ಲರಿಗೂ ಕೂಗಿ ಹೇಳಬೇಕು ಅನಿಸುತ್ತದೆ. ಮರಿ ಮೂತ್ರ ಮಾಡಿದ ಕೂಡಲೇ ನಮ್ಮ ಕೈ ಹೋಗುವುದು ಅದರ ಬಾಟಲಿಗೆ. ನಮ್ಮ ಅನೇಕ ಫಿನೈಲ್‌ಗಳಲ್ಲಿ, ನೀರಿಗೆ ಬಿಟ್ಟರೆ ಹಾಲಿನಂತಾಗುವ ಕೆಲವು ನಂಜುನಿರೋಧಕಗಳಲ್ಲಿ ಫಿನಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅವನ್ನು ಒಡೆದು ಹೊರಹಾಕುವ ಶಕ್ತಿ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದ ಮರಿ ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಅಮೋನಿಯಾ ಇರುವ ದ್ರಾವಣವೂ ಬೇಡ. ಅದರ ವಾಸನೆ ಮೂತ್ರವನ್ನೇ ಹೋಲುವುದರಿಂದ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಪೆಟ್ ಅಂಗಡಿಗಳಲ್ಲಿ ಸಿಗುವ ಕಿಣ್ವದ ದ್ರಾವಣ ಒಳ್ಳೆಯದು. ಇಲ್ಲದಿದ್ದರೆ ಸೋಪಿನ ನೀರಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ. ಚಾಪೆ, ಕಾಲೊರಸನ್ನು ಬಿಸಿಲಿಗೆ ಹಾಕಿ.

ಖರ್ಚಿನ ಮಾತೂ ಬರುತ್ತದೆ. ಅಂಗಡಿಯ ಲಿಟರ್‌ಗೆ ಅಷ್ಟು ದೊಡ್ಡ ಇತಿಹಾಸವೇನಿಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ ಲೋ ಎಂಬಾತ, ಬೆಕ್ಕಿಗೆ ಬೂದಿ ಹಾಕಿ ಮನೆಯೆಲ್ಲ ಕರಿ ಹೆಜ್ಜೆಯಾಗಿ ಬೇಸತ್ತಿದ್ದ ನೆರೆಯಾಕೆಗೆ ನೀರು ಹೀರುವ ಜೇಡಿಮಣ್ಣಿನ ಹರಳು ಕೊಟ್ಟ. ಅಲ್ಲಿಂದ ಈ ವ್ಯಾಪಾರ ಬೆಳೆಯಿತು. ಅಮೆರಿಕದವರೂ ಅಲ್ಲಿಯತನಕ ಬೂದಿ, ಮರಳನ್ನೇ ನೆಚ್ಚಿದ್ದರು. ದುಬಾರಿ ಎನಿಸಿದರೆ ಜರಡಿ ಹಿಡಿದ ಒಣಮರಳು ಸಾಕು. ನರ್ಸರಿಯಲ್ಲಿ ಸಿಗುವ ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಪುಡಿಮಾಡಿ ಒಣಗಿಸಿದರೂ ಆಗುತ್ತದೆ. ಆದರೆ ಒದ್ದೆಯಾದರೆ ಗಟ್ಟಿ ಉಂಡೆಯಾಗುವ ಬೆಂಟೊನೈಟ್ ಲಿಟರನ್ನು ಎರಡು ತಿಂಗಳೊಳಗಿನ ಮರಿಗಳಿಗೆ ಹಾಕಬೇಡಿ. ಸಣ್ಣ ಮರಿಗಳು ಎಲ್ಲವನ್ನೂ ಬಾಯಿಗಿಡುತ್ತವೆ, ಹೊಟ್ಟೆಯೊಳಗೂ ಅದು ಉಂಡೆಯಾದೀತು. ಒಂದೇ ಬೆಕ್ಕಿದ್ದರೂ ಸಾಧ್ಯವಾದರೆ ಎರಡು ಟ್ರೇ ಇಡಿ. ದಿನಕ್ಕೆರಡು ಸಲ ತೆಗೆಯಿರಿ. ಹಿಂದಿನವರು ಹೋಗಿ ನೀರು ಹಾಕದ ಕಕ್ಕಸಿಗೆ ನಾವು ಹೋಗುತ್ತೇವೆಯೇ?

ಎಲ್ಲ ಸರಿಯಿದ್ದೂ ಮರಿ ಹೊರಗೆ ಮಾಡುತ್ತಿದ್ದರೆ ಪಶುವೈದ್ಯರ ಹತ್ತಿರ ಹೋಗಿ. ಜಂತುಹುಳು, ಭೇದಿ, ಮೂತ್ರಕೋಶದ ಉರಿ, ಏನೂ ಇರಬಹುದು. ಟ್ರೇನಲ್ಲಿ ಮಾಡುವಾಗ ನೋವಾದರೆ ಬೆಕ್ಕು ಆ ನೋವನ್ನು ಟ್ರೇಗೇ ಗಂಟುಹಾಕುತ್ತದೆ. ಬೆಳೆದ ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕರಿದರೂ ಮೂತ್ರ ಬಾರದಿದ್ದರೆ ನಾಳೆಗೆ ಕಾಯುವಂತಿಲ್ಲ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ಗೋಡೆಗೆ ಬಾಲವೆತ್ತಿ ಸಿಡಿಸುವುದು ಬೇರೆ ವಿಷಯ, ಅದು ಬೆಳೆದ ಗಂಡು ಬೆಕ್ಕಿನ ಗಡಿ ಗುರುತು. ಐದಾರು ತಿಂಗಳ ಹೊತ್ತಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ಅದು ಶುರುವಾಗುವುದೇ ಇಲ್ಲ.

ಮನೆಯಲ್ಲಿ ಹೆಣ್ಣುಮಗಳು ಬಸಿರಾದ ಕೂಡಲೇ ಬೆಕ್ಕನ್ನು ಬಿಟ್ಟುಬಿಡಿ ಎನ್ನುವ ಹಿರಿಯರಿದ್ದಾರೆ. ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಭಯ ಸುಳ್ಳಲ್ಲ. ಆದರೆ ಅದರ ತತ್ತಿಗಳು ಬೆಕ್ಕಿನ ಮಲದಲ್ಲಿ ಹೊರಬಿದ್ದ ಕ್ಷಣಕ್ಕೆ ಸೋಂಕು ತರುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ಗಂಡನೋ ಅತ್ತೆಯೋ ದಿನವೂ ಟ್ರೇ ಶುಚಿಮಾಡಿ, ಬೆಕ್ಕಿಗೆ ಹಸಿ ಮಾಂಸ ಹಾಕದೆ, ಸೊಪ್ಪು ತರಕಾರಿ ಚೆನ್ನಾಗಿ ತೊಳೆದು, ಮಾಂಸ ಪೂರ್ತಿ ಬೇಯಿಸಿದರೆ ಬೆಕ್ಕೂ ಇರಬಹುದು, ಬಾಣಂತನವೂ ಆಗಬಹುದು.

ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಅದರಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. ಇಷ್ಟು ಸಣ್ಣ ದಂಡಕ್ಕೆ ಯಾರೂ ಹೆದರುವುದಿಲ್ಲ. ಆದ್ದರಿಂದ ನಾನು ಕೇಳಿಕೊಳ್ಳುವುದು ಮನೆಗಳನ್ನೇ. ಮರಿ ಕೊಡುವವರು ಎರಡು ತಿಂಗಳು ತುಂಬುವವರೆಗೆ ಅದನ್ನು ತಾಯಿಯಿಂದ ಬಿಡಿಸಬೇಡಿ. ಕೊಡುವಾಗ ಅದು ಕೆರೆದು ಬಳಸಿದ ಜಾಗದ ಮಣ್ಣನ್ನು ಒಂದು ಕವರಿನಲ್ಲಿ ಕಟ್ಟಿಕೊಡಿ. ತೆಗೆದುಕೊಂಡು ಹೋಗುವವರು ಮರಿಗಿಂತ ಮೊದಲು ಟ್ರೇ ತನ್ನಿ. ಗೋಣಿಚೀಲ ಹುಡುಕುವ ಮಾತು ಮನೆಯಲ್ಲಿ ಬಂದ ದಿನ, ಮೊದಲು ಆ ಟ್ರೇ ಎಲ್ಲಿದೆ, ಅದರಲ್ಲಿ ಏನಿದೆ ಎಂದು ಹೋಗಿ ನೋಡಿ.