ಎರಡಡಿಯ ಗೆಲುವು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ಹಿರಿಯರು ಹೇಳಿಟ್ಟಿದ್ದಾರೆ. ಆ ಮಾತಿನ ಬೆಲೆಯನ್ನು ಅಮೆರಿಕದ ಫ್ಲಾರಿಡ ಪ್ರಾಂತದಲ್ಲಿರುವ ಡೇಟೋನ ಎಂಬ ಕಡಲತಡಿಯ ಊರು 1959ರ ಫೆಬ್ರವರಿ 22ರಂದು ಅರಿತುಕೊಂಡಿತು. ಅಂದು ನಲವತ್ತು ಸಾವಿರಕ್ಕೂ ಮಿಕ್ಕ ಜನ ಒಂದು ಮೋಟಾರು ಪಂದ್ಯದ ಮುಕ್ತಾಯವನ್ನು ಕಣ್ಣಾರೆ ಕಂಡರು. ಗೆದ್ದವರು ಯಾರೆಂಬುದು ಮಾತ್ರ ಮೂರು ದಿನಗಳವರೆಗೆ ಇತ್ಯರ್ಥವಾಗಲಿಲ್ಲ.

ಪಂದ್ಯದ ಹೆಸರು ಡೇಟೋನ 500. ಐನೂರು ಎಂದರೆ ಮೈಲಿಗಳ ಲೆಕ್ಕ. ಅಲ್ಲಿ ಓಡಿದವು ಪಂದ್ಯಕ್ಕೆಂದೇ ಹುಟ್ಟಿದ ಸಪೂರ ಗಾಡಿಗಳಲ್ಲ. ಯಾವ ಗೃಹಸ್ಥನಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ಮಾದರಿಯವು. ‘ಸ್ಟಾಕ್ ಕಾರು’ ಎಂದು ಅವಕ್ಕೆ ಹೆಸರು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಚರ್ಚಿಗೆ ಹೋಗುವಂಥ ಗಾಡಿಯೇ ಗಂಟೆಗೆ 140 ಮೈಲಿ ಧಾವಿಸುವುದನ್ನು ನೋಡುವುದರಲ್ಲಿ ಆ ಜನಕ್ಕೆ ಒಂದು ವಿಶೇಷ ಸಂತೋಷವಿದ್ದಿರಬೇಕು.

1958ರವರೆಗೆ ಈ ಪಂದ್ಯಗಳು ಅರ್ಧ ಮರಳ ದಂಡೆಯ ಮೇಲೂ ಅರ್ಧ ರಸ್ತೆಯ ಮೇಲೂ ನಡೆಯುತ್ತಿದ್ದವು. ಪಂದ್ಯದ ವೇಳೆಯನ್ನು ಸಮುದ್ರದ ಉಬ್ಬರವಿಳಿತವೇ ಗೊತ್ತುಮಾಡುತ್ತಿತ್ತು. ಹಿಂದೆ ಮೋಟಾರು ರಿಪೇರಿ ಮಾಡಿಕೊಂಡಿದ್ದ ಬಿಲ್ ಫ್ರಾನ್ಸ್ ಎಂಬ ಸಾಹಸಿಗನು ಎರಡೂವರೆ ಮೈಲಿ ಸುತ್ತಳತೆಯ ಹೊಸ ಓಟದ ಹಾದಿಯನ್ನು ಕಟ್ಟಿಸಿದನು. ತಿರುವುಗಳನ್ನು 31 ಡಿಗ್ರಿಯಷ್ಟು ಓರೆಯಾಗಿ ಎತ್ತರಿಸಲು ನಡುವಿನ ನೆಲದಿಂದ ಮಣ್ಣು ಬಗೆದರು. ಬಗೆದ ಹಳ್ಳವೇ ಒಂದು ಕೆರೆಯಾಯಿತು. ಆ ಗೋಡೆಯಂಥ ತಿರುವುಗಳನ್ನು ಕಂಡು ನುರಿತ ಚಾಲಕರೂ ಅಳುಕಿದರು. ಅಳುಕು ಅಕಾರಣವೂ ಅಲ್ಲ. ಪಂದ್ಯಕ್ಕೆ ಹನ್ನೊಂದು ದಿನ ಮೊದಲು, ವೇಗದ ದಾಖಲೆಗಾಗಿ ಬೇರೊಂದು ಬಗೆಯ ಗಾಡಿಯನ್ನು ಓಡಿಸುತ್ತಿದ್ದ ಆ ಊರಿನವನೇ ಆದ ಮಾರ್ಷಲ್ ಟೀಗ್ ಅದೇ ಹಾದಿಯಲ್ಲಿ ಮಡಿದಿದ್ದನು.

ಹೊರಟ ಗಾಡಿಗಳು 59. ಪಾಂಟಿಯಾಕಿನಲ್ಲಿದ್ದ ‘ಫೈರ್‌ಬಾಲ್’ ರಾಬರ್ಟ್ಸ್ ಬಹಳ ಹಿಂದಿನಿಂದ ಹೊರಟು ಬೇಗನೆ ಎಲ್ಲರಿಗಿಂತ ಮುಂದಾದನು. ಆದರೆ ಪೆಟ್ರೋಲ್ ಪಂಪು ಕೆಟ್ಟು 57ನೆಯ ಸುತ್ತಿಗೇ ನಿಂತನು. ಇಪ್ಪತ್ತೊಂದು ವರ್ಷದ ರಿಚರ್ಡ್ ಪೆಟ್ಟಿ ಎಂಬ ತರುಣನ ಎಂಜಿನ್ನು ಎಂಟೇ ಸುತ್ತಿಗೆ ಕೈಕೊಟ್ಟಿತು. ಅವನ ತಂದೆ ಲೀ ಪೆಟ್ಟಿ ಮಾತ್ರ ಓಡುತ್ತಲೇ ಇದ್ದನು. ಮೂವತ್ತೈದನೆಯ ವಯಸ್ಸಿನಲ್ಲಿ, ಇತರರು ಸಾಹಸಗಳನ್ನು ಬಿಟ್ಟು ಸಂಸಾರದ ಲೆಕ್ಕಕ್ಕೆ ಕೂರುವ ಕಾಲದಲ್ಲಿ, ಈ ವೃತ್ತಿಗೆ ಇಳಿದವನು ಅವನು. ಮಕ್ಕಳನ್ನೇ ಕಟ್ಟಿಕೊಂಡು ನಡೆಸುತ್ತಿದ್ದ ಮನೆವಾರ್ತೆಯ ತಂಡ. ಬಹುಮಾನದ ಹಣವೇ ಮನೆಯ ವರಮಾನ. ಅವನದು 42ನೆಯ ಸಂಖ್ಯೆಯ ಓಲ್ಡ್ಸ್‌ಮೊಬೀಲ್. ಅವನಿಗೆ ಎದುರಾಗಿ ಉಳಿದವನು ರಾಯ್ ಬರ್ಡಿಕ್ ಎಂಬಾತನ ಫೋರ್ಡ್ ಥಂಡರ್‌ಬರ್ಡನ್ನು ಓಡಿಸುತ್ತಿದ್ದ ಜಾನಿ ಬೀಚಮ್. ದೂರದ ಅಯೋವ ಪ್ರಾಂತದವನು, ದಕ್ಷಿಣದವರಿಗೆ ಅಷ್ಟೇನೂ ಪರಿಚಿತನಲ್ಲ.

ಕೊನೆಯ ಐವತ್ತು ಸುತ್ತುಗಳು ಇವರಿಬ್ಬರ ನಡುವಣ ಜಗಳವಾದವು. ಗೆರೆ ದಾಟುವಾಗ ಮೂರು ಗಾಡಿಗಳು ಸಾಲಾಗಿ ಬಂದದ್ದು ಗೊಂದಲಕ್ಕೆ ಕಾರಣ. ಹೊರಗಡೆ ಇದ್ದ ಜೋ ವೆದರ್ಲಿ ಸುತ್ತು ಹಿಂದೆ ಬಿದ್ದು ಗೆಲುವಿನ ಲೆಕ್ಕದಲ್ಲೇ ಇರಲಿಲ್ಲ. ನಡುವೆ ಪೆಟ್ಟಿ, ಒಳಗಡೆ ಬೀಚಮ್. ಗೆರೆಯ ಬಳಿಯಿದ್ದ ಫ್ರಾನ್ಸ್ ಬೀಚಮನೇ ಗೆದ್ದನೆಂದನು. ಬೀಚಮನಿಗೆ ವಿಜಯದ ಮರ್ಯಾದೆಗಳೂ ನಡೆದುಹೋದವು. ಪೆಟ್ಟಿ ಒಪ್ಪಲಿಲ್ಲ.

ಫ್ರಾನ್ಸನನ್ನು ದೂರುವುದು ಸುಲಭ. ಅಂದಿನ ಸರಾಸರಿ ವೇಗ ಗಂಟೆಗೆ 135.521 ಮೈಲಿ, ಎಂದರೆ ಸೆಕೆಂಡಿಗೆ ಸುಮಾರು ಇನ್ನೂರು ಅಡಿ. ಇಬ್ಬರ ನಡುವಿನ ಅಂತರ ಎರಡಡಿಯಾದರೆ, ಅದು ಕಳೆಯಲು ಒಂದು ಸೆಕೆಂಡಿನ ನೂರನೆಯ ಒಂದು ಪಾಲು ಸಾಕು. ಅಷ್ಟರಲ್ಲಿ ಮನುಷ್ಯನ ರೆಪ್ಪೆ ಪೂರ್ತಿ ಮುಚ್ಚುವುದೂ ಇಲ್ಲ. ಇಷ್ಟು ದೊಡ್ಡ ಮೈದಾನವನ್ನು ಕಟ್ಟಿದವರು ಗೆರೆಯ ಮೇಲೊಂದು ಕ್ಯಾಮೆರವನ್ನು ನಿಲ್ಲಿಸಲಿಲ್ಲವೆಂಬುದೇ ಸೋಜಿಗ. ಕುದುರೆ ಜೂಜಿನವರು ಈ ಉಪಾಯವನ್ನು ಎಂದೋ ಕಲಿತಿದ್ದರು!

ಮುಂದಿನದು ಫ್ರಾನ್ಸನಿಗೆ ಗೌರವ ತರುವ ಮಾತು. ತನ್ನ ಕಣ್ಣಿನ ತೀರ್ಪನ್ನು ಅವನು ಹಟದಿಂದ ಹಿಡಿದು ಕೂರಲಿಲ್ಲ. ಚಿತ್ರ ತೆಗೆದವರೆಲ್ಲರೂ ತಂದು ತೋರಿಸಬೇಕೆಂದು ಕೇಳಿಕೊಂಡನು. ಟೇಲರ್ ವಾರೆನ್ ಎಂಬ ಛಾಯಾಗ್ರಾಹಕನ ಚಿತ್ರ ಬಂದಿತು. ಕೊನೆಗೆ ವಾರ್ತಾಚಿತ್ರದ ಸುರುಳಿಯೂ ಬಂದಿತು. ಅರವತ್ತೊಂದು ಗಂಟೆಗಳ ತರುವಾಯ, ಬುಧವಾರದಂದು, ತೀರ್ಪು ತಿರುಗಿತು: ಗೆದ್ದವನು ಲೀ ಪೆಟ್ಟಿ, ಬಹುಮಾನ 19,050 ಡಾಲರು. ಪತ್ರಿಕೆಗಳಲ್ಲಿ ಪ್ರಚಾರ ದೊರೆಯಲೆಂದೇ ಫ್ರಾನ್ಸ್ ತಡಮಾಡಿದನೆಂಬ ಗುಸುಗುಸು ಹುಟ್ಟದೆ ಇರಲಿಲ್ಲ. ಪ್ರಚಾರವೇನೋ ದೊರೆಯಿತು. ಆದರೆ ಸಾವಿರಾರು ಜನರೆದುರು ಘೋಷಿಸಿದ್ದನ್ನು ತಾನೇ ಅಳಿಸುವುದು ಯಾವ ಅಧಿಕಾರಿಗೂ ಹಿತವಾದ ಕೆಲಸವಲ್ಲ.

ಪೆಟ್ಟಿ ಎಂಥ ಮನುಷ್ಯನೆಂಬುದಕ್ಕೆ ಅದೇ ವರ್ಷದ ಜೂನಿನಲ್ಲಿ ಅಟ್ಲಾಂಟದಲ್ಲಿ ನಡೆದ ಪ್ರಸಂಗವೊಂದಿದೆ. ಪಂದ್ಯ ಗೆದ್ದನೆಂದು ಮಗ ರಿಚರ್ಡನಿಗೆ ಬಾವುಟ ಬೀಸಿದರು. ಸುತ್ತುಗಳ ಲೆಕ್ಕ ತಪ್ಪಾಗಿದೆಯೆಂದು ತಕರಾರು ಹೂಡಿದವನು ತಂದೆಯೇ! ಲೆಕ್ಕ ತಿದ್ದಲಾಗಿ ಗೆಲುವು ತಂದೆಗೆ ಸಂದಿತು. ಮನೆಗೆ ಬರುವ ಹಣ ಹೇಗೂ ಮನೆಗೇ ಬಂದೀತೆಂದು ಬೇರೊಬ್ಬ ತಂದೆ ಸುಮ್ಮನಿರುತ್ತಿದ್ದನೇನೋ. ಲೀ ಪೆಟ್ಟಿ ಸುಮ್ಮನಿರಲಿಲ್ಲ.

ಪೆಟ್ಟಿಯೂ ಬೀಚಮನೂ ಅದೇ ಡೇಟೋನದಲ್ಲಿ ಮತ್ತೊಮ್ಮೆ ತಾಗಿದರು. 1961ರ ಫೆಬ್ರವರಿ, 500ಕ್ಕೆ ಮುಂಚಿನ ಅರ್ಹತಾ ಪಂದ್ಯ. ಇಬ್ಬರ ಗಾಡಿಗಳೂ ಒಂದಕ್ಕೊಂದು ಸಿಕ್ಕಿಕೊಂಡು ಹೊರಗೋಡೆಯನ್ನು ಹಾರಿ ಮೈದಾನದಾಚೆಗೆ ಬಿದ್ದವು. ಬೀಚಮ್ ಆ ಮಟ್ಟದ ಪಂದ್ಯಗಳಿಗೆ ಮರಳಲೇ ಇಲ್ಲ. ಪೆಟ್ಟಿ ತೀವ್ರವಾಗಿ ಗಾಯಗೊಂಡು ಬಹುಕಾಲ ಆಸ್ಪತ್ರೆಯಲ್ಲಿದ್ದನು. ಬಳಿಕ ಓಡಿದ್ದು ಕೆಲವೇ ಪಂದ್ಯಗಳು, 1964ಕ್ಕೆ ಅದೂ ಮುಗಿಯಿತು. ಆ ವರ್ಷದ ಡೇಟೋನ 500ರಲ್ಲಿ ರಿಚರ್ಡ್ ಪೆಟ್ಟಿ ಇನ್ನೂರು ಸುತ್ತುಗಳ ಪೈಕಿ 184ರಲ್ಲಿ ತಾನೇ ಮುಂದಿದ್ದು, ಎರಡನೆಯವನಿಗಿಂತ ಒಂದು ಸುತ್ತಿಗೂ ಹೆಚ್ಚು ಅಂತರದಿಂದ ಗೆರೆ ದಾಟಿದನು. ಆ ಸಲ ಯಾರೂ ಛಾಯಾಚಿತ್ರವನ್ನು ಕೇಳಲಿಲ್ಲ.